ಕಾಳಿನ ಸಿನಿಮಾಕ್ಕೆ ಅತ್ತವಳು

ಪಾಮನಕಲ್ಲೂರಿನ ಅಯ್ಯಮ್ಮ ಸತ್ತವರ ಮನೆಯಲ್ಲಿ ಹಾಡಿ ಅಳುವ ಹೆಣ್ಣುಮಗಳು. ಅದು ಅವಳ ಕಸುಬಲ್ಲ, ಅದಕ್ಕೆ ಕೂಲಿಯೂ ಇಲ್ಲ. ಕಸುಬು ಅಂದರೆ ಹೊಲದ್ದು. ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಕಾಲುವೆ ಕಡೆ ನಾಟಿ ಶುರುವಾದರೆ ಬುತ್ತಿ ಕಟ್ಟಿಕೊಂಡು ಟಂಟಂ ಗಾಡಿ ಹತ್ತುವುದು. ಆದರೂ ಯಾರಾದರೂ ತೀರಿಕೊಂಡರೆ ಮೊದಲು ಅವಳ ಬಾಗಿಲಿಗೇ ಸುದ್ದಿ ಬರುತ್ತಿತ್ತು. ಮಸ್ಕಿಯಿಂದ ಬರುತ್ತಿತ್ತು, ಬಳಗಾನೂರಿನಿಂದಲೂ ಬರುತ್ತಿತ್ತು. ದೊಡ್ಡವರ ಮನೆಯಾದರೆ ಅಂಗಳದಲ್ಲಿ ನಿಂತು ಅಳುತ್ತಿದ್ದಳು. ತಮ್ಮ ಕೇರಿಯದಾದರೆ ಹೆಣದ ತಲೆಯ ಹತ್ತಿರ ಕೂರುತ್ತಿದ್ದಳು.

ಅಳುವುದು ಎಲ್ಲರಿಗೂ ಬರುತ್ತದೆ. ನನ್ನ ಬಿಟ್ಟು ಹೋದೆಲ್ಲೋ ಅಂತ ಎದೆ ಬಡಿದುಕೊಂಡರೆ ಆಯಿತು. ಅಯ್ಯಮ್ಮನ ರೀತಿ ಬೇರೆ ಇತ್ತು. ಹೋದ ಕೂಡಲೇ ಬಾಯಿ ತೆಗೆಯುತ್ತಿರಲಿಲ್ಲ. ಮನೆಯ ಹೆಂಗಸರ ನಡುವೆ ಕುಳಿತು ಮೆಲ್ಲಗೆ ಕೇಳುತ್ತಿದ್ದಳು: ಏನು ಉಣ್ಣುತ್ತಿದ್ದ, ಯಾರ ಮೇಲೆ ಸಿಟ್ಟಾಗುತ್ತಿದ್ದ, ಕೊನೆಗೆ ಯಾರನ್ನು ಕರೆದ. ಅವರು ಹೇಳಿದ್ದನ್ನೆಲ್ಲ ನೆನಪಿಟ್ಟುಕೊಂಡು ಎದ್ದು ನಿಂತರೆ, ಸತ್ತವನು ಬಂದು ಬಾಗಿಲಲ್ಲಿ ನಿಂತ ಹಾಗಾಗುತ್ತಿತ್ತು. ಒಬ್ಬ ಮುದುಕನಿಗೆ 'ಎಮ್ಮೀಗೆ ಬೈದು ಹೇಣ್ತಿಗೆ ಕೇಳಸಾವನ' ಎಂದು ಅತ್ತಾಗ ಅವನ ಹೆಂಡತಿ ಅಳುವುದನ್ನು ಬಿಟ್ಟು ನಕ್ಕು, ಮತ್ತೆ ಮೊದಲಿಗಿಂತ ಜೋರಾಗಿ ಅತ್ತಳಂತೆ.

ಒಂದು ಕಟ್ಟಳೆಯನ್ನು ಮಾತ್ರ ಅಯ್ಯಮ್ಮ ಮೀರುತ್ತಿರಲಿಲ್ಲ. ಸಾವಿಲ್ಲದ ಮನೆಯಲ್ಲಿ ಆ ಧಾಟಿ ಎತ್ತಬಾರದು. ಒಲೆಯ ಮುಂದೆ ಕುಳಿತು ಗುನುಗಲೂಬಾರದು. ಅವಳ ದನಿ ಕೇಳಿತು ಎಂದರೆ ಒಂದು ಜೀವ ಹೋಗಿದೆ ಎಂದೇ ಅರ್ಥ. ಸುತ್ತಲಿನ ಹಳ್ಳಿಗಳಲ್ಲಿ ಚಿಕ್ಕವರಿಗೂ ಇದು ಗೊತ್ತಿತ್ತು.

ಮಗ ರಾಜೇಶ ಲಿಂಗಸುಗೂರಿನಲ್ಲಿ ಸರ್ಕಾರಿ ಕಚೇರಿಯೊಂದರ ಗುಮಾಸ್ತ. ಮನೆಯ ಗೋಡೆಗೆ ಬುದ್ಧನ ಫೋಟೊ ಹಾಕಿದವನು. ತಾಯಿ ದೊಡ್ಡವರ ಅಂಗಳದಲ್ಲಿ ನಿಂತು ಅಳುವುದು ಅವನಿಗೆ ಸೇರುತ್ತಿರಲಿಲ್ಲ.

"ಅವರ ಹೆಣಕ್ಕ ನಾವ್ಯಾಕ ಅಳಬೇಕಬೇ? ಒಳಗ ಕರೀತಾರೇನು ನಿನ್ನ?"

"ಹೆಣಕ್ಕ ಅಳೂದಿಲ್ಲಪ್ಪ. ಹೋದ ಮನಷಾಗ ಅಳತೀನಿ. ಅವ ಒಳಗೂ ಇರೂದಿಲ್ಲ, ಹೊರಗೂ ಇರೂದಿಲ್ಲ."

ಹೀಗೆ ಅರವತ್ತಾರು ವರ್ಷ ತುಂಬಿತ್ತು ಅವಳಿಗೆ.

ಅಣ್ಣ ಬಸ್ಸಪ್ಪ ಬಳಗಾನೂರಿನಲ್ಲಿ ಇನ್ನೊಬ್ಬರ ಗದ್ದೆಗೆ ನೀರು ಕಟ್ಟುವ ಕೆಲಸಕ್ಕಿದ್ದ. ಅವನ ಒಬ್ಬಳೇ ಮಗಳು ಭಾರತಿ. ಮಸ್ಕಿಯ ಶಾಲೆಯೊಂದರಲ್ಲಿ ಚಿತ್ರ ಕಲಿಸುವ ಅತಿಥಿ ಶಿಕ್ಷಕಿ. ಆ ನೌಕರಿ ಕಾಯಂ ಅಲ್ಲ. ಪ್ರತಿ ವರ್ಷ ಹೊಸದಾಗಿ ಆರ್ಡರ್ ಬರಬೇಕು. ಹೋದ ವರ್ಷ ಗಡಿಯಲ್ಲಿ ಗುಂಡು ಹಾರತೊಡಗಿದಾಗ ಟಿವಿಯಲ್ಲಿ ಕೂಗಾಟ, ರಸ್ತೆಯಲ್ಲಿ ಮೆರವಣಿಗೆ ಶುರುವಾದವು. ಯಾವುದೋ ಸಂಘದವರು ಮಕ್ಕಳಿಗೆ ಚಿತ್ರಸ್ಪರ್ಧೆ ಇಟ್ಟು ಭಾರತಿಯನ್ನು ತೀರ್ಪು ಕೊಡಲು ಕರೆದರು. ಶತ್ರುವಿನ ಊರು ಉರಿಯುವ ಚಿತ್ರ ಬರೆಯಬೇಕಿತ್ತು. ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ಉರಿಯುವ ಊರಿನ ನಡುವೆ ಒಂದು ಶಾಲೆ ಬರೆದು, ಬಾಗಿಲಲ್ಲಿ ಎರಡು ಜಡೆಯ ಹುಡುಗಿಯನ್ನು ನಿಲ್ಲಿಸಿದ್ದಳು.

"ಇದು ನಮ್ಮ ಸಾಲಿ ಇದ್ದಂಗ ಐತಲ್ಲ?" ಎಂದು ಭಾರತಿ ಕೇಳಿದಳು.

"ಅವರದು ಟೀಚರ್. ನಂಗ ಬ್ಯಾರೆ ಸಾಲಿ ಗೊತ್ತಿಲ್ಲ, ಅದಕ್ಕ ನಮ್ದ ಬರದೀನಿ."

ಭಾರತಿ ಅವತ್ತು ಯಾರಿಗೂ ಬಹುಮಾನ ಕೊಡದೆ, ತಲೆನೋವು ಎಂದು ಹೇಳಿ ಮನೆಗೆ ಬಂದಳು. ಕರಿ ಕಂಬಳಿಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಬಿಳಿಜೋಳದ ಕಾಳು ಇಟ್ಟು ಒಂದು ಮನೆ ಮಾಡಿದಳು. ಮೇಲಿನಿಂದ ಫೋನಿನಲ್ಲಿ ಒಂದು ಫೋಟೊ ತೆಗೆದಳು. ಊದಿನಕಡ್ಡಿಯ ತುದಿಯಿಂದ ನಾಲ್ಕು ಕಾಳು ಸರಿಸಿ ಮತ್ತೊಂದು ತೆಗೆದಳು. ನೂರಾರು ಫೋಟೊ ಸೇರಿಸಿ ಓಡಿಸಿದರೆ ಕಾಳುಗಳು ತಾವೇ ನಡೆದಾಡುತ್ತಿದ್ದವು. ಸೇರಿಸಿ ಓಡಿಸುವ ಕೆಲಸ ಬಲ್ಲವನು ಸಿಂಧನೂರಿನ ದಾವಲ್‌ಸಾಬ್. ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಭಾರತಿಯ ಜೊತೆ ಕಾಲೇಜು ಓದಿದವನು. ಅವನ ಅಂಗಡಿಯ ಬೋರ್ಡಿಗೆ ಆ ಗದ್ದಲದ ದಿನಗಳಲ್ಲಿ ಯಾರೋ ಕಲ್ಲು ಹೊಡೆದಿದ್ದರು. ಅವನು ಬೋರ್ಡು ಬದಲಿಸಲಿಲ್ಲ, ದೂರನ್ನೂ ಕೊಡಲಿಲ್ಲ. ಭಾರತಿ ನೆರವು ಕೇಳಿದಾಗ ಮಾತ್ರ ಇಲ್ಲ ಅನ್ನಲಿಲ್ಲ.

ಯುದ್ಧ ಬೇಡ ಎನ್ನುವ ಇಂಥ ಸಿನಿಮಾಕ್ಕೆ ಮಾಡಿದವರ ಹೆಸರು ಹಾಕುವ ಹಾಗಿರಲಿಲ್ಲ. ಹಾಕಿದರೆ ಭಾರತಿಗೆ ಮರುವರ್ಷ ಆರ್ಡರ್ ಬರುವುದಿಲ್ಲ, ದಾವಲ್‌ಸಾಬನ ಅಂಗಡಿ ಉಳಿಯುವುದಿಲ್ಲ. ಯಾರ ಫೋನಿಗೂ ಕಳಿಸುವುದಿಲ್ಲ ಎಂದು ಇಬ್ಬರೂ ಮಾತಾಡಿಕೊಂಡರು. ಒಂದು ಸಣ್ಣ ಮೆಮೊರಿ ಕಾರ್ಡಿನಲ್ಲಿ ತುಂಬಿಕೊಂಡು ಹೋಗಿ, ನಂಬಿಕೆಯ ಹತ್ತು ಮಂದಿಯನ್ನು ಕೂರಿಸಿ ತೋರಿಸಿ, ಕಾರ್ಡು ವಾಪಸು ತರುವುದು. ಮೊದಲನೆಯದು ಒಂದು ನಿಮಿಷದ್ದು. ಎರಡನೆಯದು ನಾಲ್ಕು ನಿಮಿಷದ್ದು, ಅದಕ್ಕೆ ಎರಡು ತಿಂಗಳು ಹಿಡಿಯಿತು. ಆ ಎರಡನೆಯದಕ್ಕೇ ಭಾರತಿ ಸೋದರತ್ತೆಯ ಹತ್ತಿರ ಬಂದದ್ದು.

ಅಯ್ಯಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಒಂದು ಗೆರೆ, ಗೆರೆಯ ಈ ಕಡೆ ಒಂದು ಮನೆ, ಆ ಕಡೆ ಒಂದು ಮನೆ. ಎರಡರಲ್ಲೂ ತಾಯಂದಿರು ರೊಟ್ಟಿ ಬಡಿಯುತ್ತಾರೆ. ಎರಡೂ ಮನೆಯಿಂದ ಹುಡುಗರು ಎದ್ದು ಗೆರೆಯ ಹತ್ತಿರ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಹುಡುಗರು ಇಲ್ಲ, ಬರೀ ಚೆಲ್ಲಿದ ಕಾಳು. ತಾಯಂದಿರು ಗುಡಿಸಿ ಮೊರಕ್ಕೆ ತುಂಬಿಕೊಳ್ಳುತ್ತಾರೆ. ಯಾವ ಕಾಳು ಯಾರ ಮಗನದು ಎಂದು ಆರಿಸಲು ಬರುವುದಿಲ್ಲ.

ಅಯ್ಯಮ್ಮ ಫೋನು ವಾಪಸು ಕೊಟ್ಟು ಕೇಳಿದಳು. "ಆಮ್ಯಾಲ ಆ ಜ್ವಾಳ ಏನ್ ಮಾಡಿದ್ಯವ್ವ?"

"ಬೀಸಿಸಿ ರೊಟ್ಟಿ ಮಾಡ್ಕೊಂಡು ತಿಂದ್ವಿ ಅತ್ತಿ."

"ಚಲೋ ಆತು ಬಿಡು. ನಾ ಎಲ್ಲಿ ಚೆಲ್ಲಿ ಬಂದ್ಯೋ ಅಂದಿದ್ದೆ."

ಕೊನೆಗೆ ಮೊರದ ಮುಂದೆ ಆ ತಾಯಿ ಅಳಬೇಕು, ಅದಕ್ಕೆ ನಿನ್ನ ದನಿ ಬೇಕು ಎಂದು ಭಾರತಿ ಹೇಳಿದಾಗ ಅಯ್ಯಮ್ಮ ಒಪ್ಪಲಿಲ್ಲ. ಸತ್ತವರಿಲ್ಲದೆ ಅಳುವುದು ಹೇಗೆ? ಭಾರತಿ ನಾಲ್ಕು ಸಲ ಬಂದಳು. ಮೂರನೆಯ ಇಯತ್ತೆಯ ಹುಡುಗಿಯ ಮಾತನ್ನು ಹೇಳಿದ್ದು ಕಡೆಯ ಸಲ. ಅದನ್ನು ಕೇಳಿದ ಮೇಲೆ ಅಯ್ಯಮ್ಮ ಎರಡು ದಿನ ವಿಚಾರ ಮಾಡಿ, ಊರ ಹೊರಗೆ ಹಳ್ಳದ ಆಚೆ ಮಣ್ಣು ಮಾಡುವ ಜಾಗದಲ್ಲಿ ಅತ್ತರೆ ಯಾರ ಮನೆಗೂ ತಟ್ಟುವುದಿಲ್ಲ ಎಂದಳು.

ಒಂದು ಮಧ್ಯಾಹ್ನ ದಾವಲ್‌ಸಾಬನೂ ಸೇರಿ ಮೂವರೂ ಅಲ್ಲಿಗೆ ಹೋದರು. ಅಯ್ಯಮ್ಮ ಬೇವಿನ ಬುಡದಲ್ಲಿ ಕುಳಿತು, ರೂಢಿಯಂತೆ ಕೇಳಿದಳು.

"ಈ ಹುಡುಗನ ಹೆಸರೇನು?"

"ಹೆಸರಿಲ್ಲ ಅತ್ತಿ. ಯಾವ ಹುಡುಗ ಆದರೂ ಆಗಬಹುದು."

"ಏನು ಉಣ್ತಿದ್ದ?"

ಭಾರತಿ ದಾವಲ್‌ಸಾಬನ ಮುಖ ನೋಡಿದಳು. ಅವನು ಫೋನಿನ ಮುಖ ನೋಡಿದ. ಅದನ್ನು ಇಬ್ಬರೂ ವಿಚಾರ ಮಾಡಿರಲಿಲ್ಲ.

ಅಯ್ಯಮ್ಮನಿಗೆ ಬರೀ ಹೆಸರಿಲ್ಲದ ಹುಡುಗನಿಗೆ ಅಳಲು ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ಕುಳಿತಳು. ಆಗ ಅವಳ ಮನಸ್ಸಿಗೆ ಬಂದವನು ಚನ್ನು. ಊರಿನಲ್ಲಿ ಮಾತು ನಡೆಯುವ ರೈತ ಜಂಬಣ್ಣನ ಮಗ. ಜಂಬಣ್ಣನ ಹತ್ತಿ ಹೊಲದಲ್ಲಿ ಕೂಲಿ ಮಾಡುವಾಗ, ಅವನ ಹೆಂಡತಿ ಪಂಪಮ್ಮ ಕೂಸನ್ನು ಬದುವಿನ ಮೇಲೆ ಅಯ್ಯಮ್ಮನ ಕೈಗೆ ಕೊಟ್ಟು ಹೋಗುತ್ತಿದ್ದಳು. ಆ ಕೂಸು ಈಗ ಸೈನ್ಯ ಸೇರಿ ಆರು ವರ್ಷವಾಗಿತ್ತು. ಆ ಹೊತ್ತಿನಲ್ಲಿ ಗಡಿಯಲ್ಲೇ ಇದ್ದ. ಅಯ್ಯಮ್ಮ ಅವನ ಹೆಸರು ಎತ್ತಲಿಲ್ಲ. ಗುಣ ಮಾತ್ರ ಎತ್ತಿದಳು.

'ಎಡಗಣ್ಣ ಹುಬ್ಬಿನಾಗ ಮೂರು ಹೊಲಿಗಿ ಇದ್ದಾವನ, ಬಂಡ್ಯಾಗಿಂದ ಬಿದ್ದು ನಕ್ಕಾವನ, ಸಜ್ಜಿ ರೊಟ್ಟಿಗೆ ಬೆಲ್ಲ ಬೇಡಿದಾವನ, ಹತ್ತಿ ಹೊಲದಾಗ ಸೆರಗ ಹಿಡದು ಮಲಗಿದಾವನ, ಯಾವ ಗೆರಿ ದಾಟಿ ಹೋದೆಪ್ಪ, ಯಾವ ಮೊರದಾಗ ನಿನ್ನ ತುಂಬಲೋ ಕೂಸ...'

ದಾವಲ್‌ಸಾಬ್ ಅದನ್ನು ಫೋನಿನಲ್ಲಿ ತುಂಬಿಕೊಂಡ. ಮುಗಿದ ಮೇಲೆ ಕಣ್ಣೊರೆಸಿಕೊಂಡು ಹೇಳಿದ. "ಅವ್ವಾರ, ನಿಮ್ಮ ದನಿ ಎಲ್ಲಾರಿಗೂ ಗುರ್ತ ಐತಿ. ಕಂಪ್ಯೂಟರದಾಗ ದನಿ ಬದಲಿ ಮಾಡಲೇನು?"

"ಬದಲಿ ಮಾಡಿದರ ಇದು ಇದ ಆಗಿ ಉಳೀತೈತೇನು?" ಎಂದಳು ಭಾರತಿ. "ನೋಡೂದು ಸಿಂಧನೂರಿನಾಗ, ಲಿಂಗಸುಗೂರಿನಾಗ. ಅಲ್ಲಿಯವರಿಗೆ ಅತ್ತಿ ಯಾರು ಅಂತ ಏನು ಗೊತ್ತು?"

ಅಯ್ಯಮ್ಮನಿಗೂ ಹಾಗೇ ಅನ್ನಿಸಿತು. ಅಪರಿಚಿತರು ಕೇಳುತ್ತಾರೆ, ಕಾರ್ಡು ವಾಪಸು ಬರುತ್ತದೆ. ಆ ಗುಣಗಳು ಯಾರವು ಎಂದು ಅವಳು ಇಬ್ಬರಿಗೂ ಹೇಳಲಿಲ್ಲ.

ಸಿಂಧನೂರಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಹನ್ನೆರಡು ಮಂದಿ ನೋಡಿದರು. ಲಿಂಗಸುಗೂರಿನಲ್ಲಿ ಒಬ್ಬ ಟೇಲರನ ಅಟ್ಟದ ಮೇಲೆ ಇಪ್ಪತ್ತು ಮಂದಿ. ಅಲ್ಲಿ ಸೈನ್ಯದಿಂದ ನಿವೃತ್ತನಾದವನೊಬ್ಬ ಮುಗಿದ ಮೇಲೂ ಎದ್ದೇಳದೆ, ಮತ್ತೊಮ್ಮೆ ಹಾಕಿರಿ ಎಂದನಂತೆ. ಆ ಅಟ್ಟದ ಮೇಲೇ ಯಾರೋ ಒಬ್ಬರು ತಮ್ಮ ಫೋನಿಗೆ ತುಂಬಿಕೊಂಡರು. ಯಾರು ಅಂತ ಕಡೆಗೂ ಗೊತ್ತಾಗಲಿಲ್ಲ. ಮೂರು ದಿನದಲ್ಲಿ ಅದು ಮಸ್ಕಿಗೆ ಬಂತು, ನಾಲ್ಕನೆಯ ದಿನ ಪಾಮನಕಲ್ಲೂರಿಗೆ.

ಪಂಪಮ್ಮ ಮತ್ತು ಅವಳ ಸೊಸೆ, ಚನ್ನುವಿನ ಹೆಂಡತಿ ಶಿವಕುಮಾರಿ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಚನ್ನುವಿನ ಫೋನ್ ಬಂದು ಹನ್ನೊಂದು ದಿನವಾಗಿತ್ತು. ಎದುರಿನ ಗಿರಣಿಯ ಕಟ್ಟೆಯ ಮೇಲೆ ಕುಳಿತಿದ್ದ ಊರಿನ ಹುಡುಗ ಶಾವಲಿ ಏನೋ ಬಂದಿದೆ ನೋಡೋಣ ಎಂದು ಫೋನ್ ಒತ್ತಿದ. ಅಂಗಳಕ್ಕೆ ಚಿತ್ರ ಕಾಣಿಸಲಿಲ್ಲ, ದನಿ ಮಾತ್ರ ಕೇಳಿಸಿತು. ಅಯ್ಯಮ್ಮನ ದನಿ. ಎಡಗಣ್ಣ ಹುಬ್ಬಿನ ಮೂರು ಹೊಲಿಗೆ. ಬಂಡಿಯಿಂದ ಬಿದ್ದು ನಕ್ಕವನು.

ಪಂಪಮ್ಮ ಕುಳಿತಲ್ಲೇ ಹಿಂದಕ್ಕೆ ಬಿದ್ದಳು. ಶಿವಕುಮಾರಿ ಅಳಲಿಲ್ಲ, ಏನನ್ನೂ ಕೇಳಲಿಲ್ಲ. ಎದ್ದು ಬಾಗಿಲ ಚೌಕಟ್ಟಿಗೆ ಎರಡೂ ಕೈ ಬಡಿದುಕೊಂಡಳು. ಬಳೆಗಳೆಲ್ಲ ಒಡೆದು ಹೋದವು. ಶಾವಲಿ ಓಡಿ ಬಂದು "ಅಕ್ಕಾ, ಸಿನಿಮಾ ಐತಿ, ಸಿನಿಮಾ, ಜ್ವಾಳದ ಕಾಳಿನ ಸಿನಿಮಾ" ಎಂದು ಫೋನು ತೋರಿಸುವ ಹೊತ್ತಿಗೆ ಹೊಸ್ತಿಲ ಮೇಲೆ ಹಸಿರು ಚೂರು, ಅದರ ಮೇಲೆ ಮಣಿಕಟ್ಟಿನ ರಕ್ತ.

ಗಂಡ ಬದುಕಿರುವಾಗ ಹೆಂಡತಿ ತನ್ನ ಕೈಯಾರೆ ಬಳೆ ಒಡೆದುಕೊಂಡಳು. ಇದಕ್ಕಿಂತ ಕೆಟ್ಟದ್ದು ಆ ಮನೆಗೆ ಯಾರೂ ಮಾಡಲು ಸಾಧ್ಯವಿರಲಿಲ್ಲ. ಬಳೆಗಾರ್ತಿ ಮಾಸುಂಬಿಯನ್ನು ಅವತ್ತೇ ಕರೆಸಿದರು. ಅವಳು ಕೈ ಹಿಡಿದು ನೋಡಿ, ಗಾಯ ಮಾಯುವ ತನಕ ಏರಿಸಲು ಆಗುವುದಿಲ್ಲ ಎಂದು ಪೆಟ್ಟಿಗೆ ಮುಚ್ಚಿಕೊಂಡು ಹೋದಳು. ಶಿವಕುಮಾರಿ ಹದಿನೈದು ದಿನ ಬರಿಗೈಯಲ್ಲಿ ಇರಬೇಕಾಯಿತು.

ಮರುದಿನ ಒಬ್ಬ ಪೊಲೀಸ್ ಜಮಾದಾರ ಬೈಕಿನ ಮೇಲೆ ಬಂದು ಪಂಚಾಯಿತಿ ಕಟ್ಟೆಯ ಮೇಲೆ ಕುಳಿತ. ಪಕ್ಕದಲ್ಲಿ ಜಂಬಣ್ಣ. ಅಯ್ಯಮ್ಮನನ್ನು ಕರೆಸಿದರು. ಜನ ಸೇರಿದ್ದರು.

"ಈ ದನಿ ಯಾರದು?"

"ನಂದ್ರಿ ಸಾಹೇಬ್ರ."

"ಯಾರು ಅಳಸಿದ್ರು ನಿನ್ನ?"

"ಅಳಸೂದೇನ್ರಿ, ನಾನ ಅತ್ತೀನಿ."

"ಫೋನಿನಾಗ ತುಂಬಿದವರು ಯಾರು ಅಂತ ಕೇಳಾಕತ್ತೀನಿ."

"ಫೋನು ಎಲ್ಲಾರ ಕೈಯಾಗೂ ಅದಾವ್ರಿ. ನಿಮ್ಮ ಕೈಯಾಗೂ ಐತಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಜಮಾದಾರ ಆ ಕಡೆ ನೋಡಿದ ಮೇಲೆ ನಗೆ ನಿಂತಿತು.

"ಮುದುಕಿ, ಇದು ದೇಶದ ವಿಷಯ. ಸೈನ್ಯದವರು ಸಾಯ್ತಾರ ಅಂತ ಹೆದರ್ಸೋ ಸಿನಿಮಾ ಇದು. ಹೆಸರು ಹೇಳು, ನಿನ್ನ ಪಾಡಿಗೆ ನೀನಿರು. ಇಲ್ಲಂದರ ಸೋಮವಾರ ಜಂಬಣ್ಣಾರು ಫಿರ್ಯಾದಿ ಬರದು ಕೊಡ್ತಾರ. ಒಬ್ಬೊಬ್ಬರ ಫೋನು ಹಿಡಕೊಂಡು ಹಿಂದ ಹಿಂದ ಹೋಕ್ಕೀವಿ."

ಹಿಂದೆ ಹಿಂದೆ ಹೋದರೆ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂದು ಅಯ್ಯಮ್ಮನಿಗೆ ಗೊತ್ತಿತ್ತು. ಮೊದಲು ಸಿಗುವುದು ದಾವಲ್‌ಸಾಬ್. ಯಾರೂ ಅವನನ್ನು ಏನು, ಯಾಕೆ ಎಂದು ಕೇಳುವುದಿಲ್ಲ. ಹೆಸರು ಕೇಳಿದರೆ ಅವರಿಗೆ ಅಷ್ಟೇ ಸಾಕು. ಆ ಸಂಜೆ ಅವಳು ಪಕ್ಕದ ಮನೆಯವರ ಫೋನಿನಿಂದ ಭಾರತಿಗೆ ಮಾತಾಡಿದಳು.

"ನಾನ ಠಾಣೇಕ ಹೋಗಿ ಹೇಳತೀನಿ ಅತ್ತಿ. ನಾ ಮಾಡೀನಿ, ಅಷ್ಟ."

"ನೀ ಹೇಳಿದರ ನಿನ್ನೊಬ್ಬಾಕಿಗೇ ನಿಲ್ಲತೈತೇನು? ಆ ಅಂಗಡಿ ಹುಡುಗನ ಮನಿ? ಬಾಯಿ ಮುಚಗೊಂಡು ಇರು. ಈ ಕಡೆ ಬರಬ್ಯಾಡ."

ಶನಿವಾರ ಮಧ್ಯಾಹ್ನ ಪಂಪಮ್ಮ ಹೇಳಿ ಕಳಿಸಿದಳು. ಗಂಡಸರು ಹೊಲಕ್ಕೆ ಹೋದ ಹೊತ್ತು. ಅಯ್ಯಮ್ಮ ಹೋಗಿ ಅಂಗಳದಲ್ಲಿ ತನ್ನ ಯಾವತ್ತಿನ ಜಾಗದಲ್ಲಿ ನಿಂತಳು. ಪಂಪಮ್ಮ ಹೊಸ್ತಿಲ ಮೇಲೆ ಕುಳಿತಿದ್ದಳು. ಒಳಗೆ ಕತ್ತಲಲ್ಲಿ ಶಿವಕುಮಾರಿಯ ಕೈಯ ಬಿಳಿ ಪಟ್ಟಿ ಕಾಣುತ್ತಿತ್ತು.

"ನಿನ್ನೆ ಫೋನ್ ಮಾಡಿದ್ದ. ಬದುಕ್ಯಾನ" ಎಂದಳು ಪಂಪಮ್ಮ.

"ಬದಕಲಿ ಯವ್ವಾ. ನೂರು ವರ್ಷ ಬದಕಲಿ."

"ಮೂರು ಹೊಲಿಗಿ ಯಾರದು ಅಯ್ಯಮ್ಮ?"

"ಚನ್ನುಂದ್ರಿ. ಆ ಸಿನಿಮಾದಾಗಿನ ಹುಡುಗಗ ಹೆಸರಿದ್ದಿಲ್ಲ, ಗುಣ ಇದ್ದಿಲ್ಲ. ನಾ ಎತ್ತಿ ಆಡಿಸಿದಾವ ನೆನಪಾದ. ತಪ್ಪು ನಂದ್ರಿ."

"ನೀ ಹೆತ್ತಾವ ರಾಜೇಶ ಇದ್ದನಲ್ಲ. ಅವ ಯಾಕ ನೆನಪಾಗಲಿಲ್ಲ?"

ನಿಜ ಹೇಳಬೇಕೆಂದರೆ, ಬೇವಿನ ಬುಡದಲ್ಲಿ ಕಣ್ಣು ಮುಚ್ಚಿದಾಗ ಮೊದಲು ಬಂದವನು ರಾಜೇಶನೇ. ಅವನನ್ನು ಅಯ್ಯಮ್ಮ ಸರಿಸಿ ಬಿಟ್ಟಿದ್ದಳು. ಪಂಪಮ್ಮ ಅದನ್ನು ಅವಳ ಮುಖದಲ್ಲೇ ಓದಿಕೊಂಡಳು.

"ನಿಮ್ಮಣ್ಣನ ಮಗಳು ಕಾಳಿನಾಗ ಚಿತ್ರ ಮಾಡತಾಳ. ಮಸ್ಕಿಯಾಗ ನಮ್ಮ ತಂಗಿ ಮಗಳಿಗೆ ಆಕೀನ ಟೀಚರು. ನನಗ ಅವತ್ತ ಗೊತ್ತಾಗೈತಿ. ನಮ್ಮನಿಯವರಿಗೆ ಇನ್ನಾ ಹೇಳಿಲ್ಲ."

ಅಯ್ಯಮ್ಮ ನೆಲಕ್ಕೆ ಕುಳಿತುಬಿಟ್ಟಳು.

"ಹೇಳೂದೂ ಇಲ್ಲ" ಎಂದಳು ಪಂಪಮ್ಮ. "ಫಿರ್ಯಾದಿನೂ ಕೊಡಸೂದಿಲ್ಲ. ಆದರ ನನ್ನ ಮಗನ ಮ್ಯಾಲ ಬಿದ್ದ ಅಳು ನೀ ವಾಪಸ್ ತಗೀಬೇಕು. ಇನ್ನ ಮ್ಯಾಲ ನೀ ಯಾರಿಗೂ ಅಳಬಾರದು."

ಒಳಗಿನಿಂದ ಚನ್ನುವಿನ ಹಳೆಯ ಅಂಗಿಯೊಂದನ್ನು ತಂದು ಹೊಸ್ತಿಲ ಮೇಲೆ ಹಾಸಿದಳು. ಅದರ ಮೇಲೆ ಕೈಯಿಟ್ಟು ಹೇಳಬೇಕಿತ್ತು. ನಾನು ಬಾಯಿ ತೆಗೆದು ಅತ್ತರೆ ಆ ಅಳು ಇವನಿಗೇ ತಟ್ಟಲಿ ಎಂದು.

"ಎಲ್ಲೀ ತನಕ್ರಿ ಯವ್ವಾ?"

"ಅವ ನೌಕರಿ ಮುಗಿಸಿ ಊರಿಗೆ ಬರೂ ತನಕ. ಇನ್ನಾ ಒಂಬತ್ತು ವರ್ಷ ಐತಿ."

"ಅಲ್ಲೀ ತನಕ ನಾ ಇರತೀನೋ ಇಲ್ಲೋ."

"ಇದ್ದರ ಆವಾಗ ಅಳು."

ಅಯ್ಯಮ್ಮ ಅಂಗಿಯ ಮೇಲೆ ಕೈಯಿಟ್ಟಳು. ಹೇಳಬೇಕಾದದ್ದನ್ನು ಹೇಳಿದಳು. ಸೋಮವಾರ ಜಂಬಣ್ಣ ಫಿರ್ಯಾದಿ ಕೊಡಲಿಲ್ಲ. ಹೆಂಗಸರ ಗಾಬರಿ, ಏನೂ ಇಲ್ಲ ಎಂದು ಜಮಾದಾರನಿಗೆ ಫೋನಿನಲ್ಲೇ ಹೇಳಿ ಮುಗಿಸಿದ.

ಈ ಆಣೆಯ ಮಾತನ್ನು ಅಯ್ಯಮ್ಮ ಯಾರಿಗೂ ಹೇಳಲಿಲ್ಲ. ಭಾರತಿಗಂತೂ ಹೇಳುವ ಹಾಗೇ ಇರಲಿಲ್ಲ. ಅವಳ ಸ್ವಭಾವ ಗೊತ್ತಿತ್ತು. ಗೊತ್ತಾದ ಗಳಿಗೆ ಓಡಿಹೋಗಿ ಠಾಣೆಯಲ್ಲಿ ಎಲ್ಲ ಒಪ್ಪಿಕೊಂಡುಬಿಡುತ್ತಾಳೆ. ಭಾರತಿ ಕೆಲವು ತಿಂಗಳು ಸುಮ್ಮನಿದ್ದು, ಮತ್ತೆ ಹತ್ತಿ ಬೀಜದಲ್ಲಿ ಒಂದು ಸಿನಿಮಾ ಶುರು ಮಾಡಿದಳಂತೆ. ಅದಕ್ಕೆ ದನಿ ಇಲ್ಲವಂತೆ.

ಊರಲ್ಲಿ ಸಾವುಗಳು ಆಗುತ್ತಲೇ ಇದ್ದವು. ಕರೆಯಲು ಬಂದವರಿಗೆ ಅಯ್ಯಮ್ಮ ಗಂಟಲು ಕಟ್ಟಿದೆ ಎಂದಳು. ಎರಡನೆಯ ಸಲವೂ ಹಾಗೇ ಅಂದಳು. ಮೂರನೆಯ ಸಲ ಯಾರೂ ಬರಲಿಲ್ಲ. ರಾಜೇಶನಿಗೆ ಸಮಾಧಾನವಾಯಿತು. "ಬಿಟ್ಟದ್ದು ಚಲೋ ಆತಬೇ" ಎಂದ. ಅಯ್ಯಮ್ಮ ಹ್ಞೂಂ ಎಂದಳು.

ದೀಪಾವಳಿಯ ಮುಂದೆ ಚನ್ನು ರಜೆಗೆ ಬಂದ. ಅಯ್ಯಮ್ಮನ ಬಾಗಿಲ ಮುಂದೆ ಬೈಕ್ ನಿಲ್ಲಿಸಿದ.

"ಅಯ್ಯಮ್ಮವ್ವ, ಜೀವಂತ ಅದೀನಿ ನೋಡು" ಎಂದು ನಕ್ಕ. ಆಮೇಲೆ ದನಿ ಇಳಿಸಿದ. "ಅದು ನಮ್ಮ ಕಡೀಗೂ ಬಂದಿತ್ತು. ನಾಕು ಮಂದಿ ಕುಂತು ನೋಡಿದ್ವಿ. ಅವರ್ಯಾರಿಗೂ ನಮ್ಮ ಭಾಷಾ ಬರೂದಿಲ್ಲ. ಆದರೂ ಅವತ್ತು ಯಾರೂ ಊಟ ಮಾಡಲಿಲ್ಲ."

ಅಯ್ಯಮ್ಮ ಅವನ ಹುಬ್ಬನ್ನು ಮುಟ್ಟಿ ನೋಡಬೇಕೆಂದು ಕೈ ಎತ್ತಿ, ಸುಮ್ಮನೆ ಇಳಿಸಿದಳು. ಅವನು ಹದಿನೈದು ದಿನ ಇದ್ದು ಮತ್ತೆ ಗಡಿಗೆ ಹೋದ.

ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಬಳಗಾನೂರಿನಿಂದ ಸುದ್ದಿ ಬಂತು. ಬಸ್ಸಪ್ಪ ಗದ್ದೆಗೆ ನೀರು ಬಿಡಲು ಹೋದವನು ಬದುವಿನ ಮೇಲೇ ಕುಸಿದು ಪ್ರಾಣ ಬಿಟ್ಟಿದ್ದ. ಅಯ್ಯಮ್ಮ ಸಿಕ್ಕ ಬಸ್ಸು ಹತ್ತಿ ಹೋದಳು. ಅಣ್ಣನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಅಂಗಳ ತುಂಬ ಹೆಂಗಸರು. ಅವಳು ಬಂದಳೆಂದು ಎಲ್ಲರೂ ಸರಿದು ಜಾಗ ಬಿಟ್ಟರು, ಅಳುತ್ತಿದ್ದವರು ದನಿ ತಗ್ಗಿಸಿದರು. ಇನ್ನು ಅವಳ ಪಾಳಿ.

ಅಯ್ಯಮ್ಮ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ. ತುಂಬಿ ಬಂದ ಹಳ್ಳದಲ್ಲಿ ಎಂಟು ವರ್ಷದ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿದವನು. ದೊಡ್ಡವರ ಮುಂದೆ ಮಾತ್ರ ತೊದಲುತ್ತಿದ್ದವನು. ಭಾರತಿ ಹುಟ್ಟಿದಾಗ ಹೆಣ್ಣೆಂದು ಮನೆಯವರೆಲ್ಲ ಮುಖ ಇಳಿಬಿಟ್ಟರೆ, ತಾನೊಬ್ಬನೇ ಕೇರಿಗೆಲ್ಲ ಮಂಡಕ್ಕಿ ಹಂಚಿ ಬಂದವನು. ಇದನ್ನು ಬಲ್ಲವರು ಅವಳನ್ನು ಬಿಟ್ಟು ಯಾರೂ ಉಳಿದಿರಲಿಲ್ಲ. ಭಾರತಿಗೂ ಗೊತ್ತಿರಲಿಲ್ಲ. ಅಯ್ಯಮ್ಮ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು.

ಹೆಂಗಸರು ಕಾದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು.

ಭಾರತಿ ಎದ್ದು ಬಂದು ಅವಳ ಮುಂದೆ ಕುಳಿತಳು. "ಅತ್ತಿ, ಅಳು."

ಅಯ್ಯಮ್ಮ ತಲೆ ಅಲ್ಲಾಡಿಸಿದಳು.

"ಊರವರ ಹೆಣಕ್ಕೆಲ್ಲ ಅತ್ತಾಕಿ. ಅಪ್ಪಗ ಯಾಕ ಬಾಯಿ ಬರವಲ್ದು? ನನ್ನ ಸಿನಿಮಾದ ಸಿಟ್ಟು ಇನ್ನಾ ಐತೇನು? ಇದ್ದರ ನನ್ನ ಬೈಯಿ. ಅಪ್ಪ ಏನು ಮಾಡ್ಯಾನ?"

ಹೇಳಿಬಿಡಬಹುದಿತ್ತು. ಎರಡು ಮಾತು ಸಾಕಿತ್ತು. ಬಾಗಿಲಲ್ಲಿ ದಾವಲ್‌ಸಾಬ್ ಚಪ್ಪಲಿ ಬಿಡುತ್ತಿದ್ದ. ಬಸ್ಸಪ್ಪನಿಗೆಂದು ಒಂದು ಹೂಮಾಲೆ ತಂದಿದ್ದ. ಅಯ್ಯಮ್ಮ ಅವನನ್ನು ನೋಡಿದಳು, ಭಾರತಿಯನ್ನು ನೋಡಿದಳು. ಬಾಯಿಂದ ಸೆರಗು ತೆಗೆಯಲಿಲ್ಲ.

ಭಾರತಿ ಎದ್ದಳು. "ಇನ್ನ ನಮ್ಮನಿಗೆ ಬರಬ್ಯಾಡ" ಎಂದು ಮೆಲ್ಲಗೆ ಹೇಳಿ ಆ ಕಡೆ ಹೋಗಿ ಕುಳಿತಳು. ಯಾರೋ ಒಬ್ಬಳು ತನಗೆ ಬಂದ ಹಾಗೆ ಅಳಲು ಶುರು ಮಾಡಿದಳು. ಉಳಿದವರು ದನಿಗೂಡಿಸಿದರು.

ಅಯ್ಯಮ್ಮ ಅಣ್ಣನ ಕಾಲ ಹತ್ತಿರ ಸರಿದಳು. ಬೆರಳ ಸಂದಿಯಲ್ಲಿ ಗದ್ದೆಯ ಕೆಸರು ಒಣಗಿತ್ತು. ತಂಬಿಗೆಯ ನೀರಿನಲ್ಲಿ ಬಟ್ಟೆ ಅದ್ದಿಕೊಂಡು ಒಂದೊಂದೇ ಬೆರಳನ್ನು ಬಿಡಿಸಿ ಒರೆಸತೊಡಗಿದಳು.